ಬಾವಿಗಿಳಿಸಿದ ಎಂಜಿನ್ : ಲಾಂದ್ರ ತೋರಿಸದ ವಿಷಗಾಳಿ



ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ನಮ್ಮ ತೆರೆದ ಬಾವಿಗಳಲ್ಲಿ ನೀರು ತಳ ಹಿಡಿಯುತ್ತದೆ. ಹೊಲದಲ್ಲಿ ಬೆಳೆ ಇನ್ನೂ ನಿಂತಿರುತ್ತದೆ. ಇನ್ನೆರಡು ನೀರು ಕೊಟ್ಟರೆ ಬೇಸಿಗೆ ರಾಗಿ ತೆನೆ ಕಟ್ಟುತ್ತದೆ, ಟೊಮ್ಯಾಟೊ ಕಾಯಿ ದಪ್ಪವಾಗುತ್ತದೆ. ಆದರೆ ಮೇಲಿಟ್ಟ ಪಂಪಿಗೆ ನೀರು ಎಟಕುವುದಿಲ್ಲ. ಆಗ ನಾಲ್ಕು ಜನರನ್ನು ಕರೆದು, ಹಗ್ಗ ಕಟ್ಟಿ, ಎಂಜಿನ್ ಸಮೇತ ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸುವುದುಂಟು. ಹೂಳು ತೆಗೆಯುವವರು ಊಟೆ ನೀರನ್ನು ಹೊರಹಾಕಲು ಸಣ್ಣ ಪೆಟ್ರೋಲ್ ಪಂಪನ್ನು ತಳಕ್ಕೇ ಒಯ್ಯುವುದುಂಟು. ಎಂಜಿನ್ ನಡೆಯುತ್ತದೆ, ನೀರು ಬರುತ್ತದೆ. ಸ್ವಲ್ಪ ಹೊತ್ತಿಗೆ ಅದನ್ನು ನಿಲ್ಲಿಸಲೆಂದೋ, ತಾನಾಗಿ ನಿಂತದ್ದೇಕೆ ಎಂದು ನೋಡಲೆಂದೋ ಒಬ್ಬ ಇಳಿಯುತ್ತಾನೆ, ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಮಗನೋ ತಮ್ಮನೋ ಇಳಿಯುತ್ತಾನೆ, ಅವನೂ ಬರುವುದಿಲ್ಲ. ಇಂತಹ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ.

ಕೆಲವು ವರ್ಷಗಳ ಹಿಂದೆ ರೈತರ ತರಬೇತಿಯೊಂದರಲ್ಲಿ ನಾನು ಈ ವಿಷಯ ಹೇಳುತ್ತಿದ್ದಾಗ ಹಿರಿಯರೊಬ್ಬರು ಎದ್ದು ನಿಂತರು. "ಸ್ವಾಮಿ, ನಾವು ಲಾಂದ್ರ ಇಳಿಸಿ ನೋಡದೆ ಯಾರನ್ನೂ ಬಾವಿಗೆ ಬಿಡೋದಿಲ್ಲ. ದೀಪ ಆರಿದರೆ ಇಳೀಬಾರದು, ಉರೀತಿದ್ದರೆ ಇಳೀಬಹುದು. ನಮ್ಮಪ್ಪನ ಕಾಲದಿಂದ ಇದೇ ಲೆಕ್ಕ" ಎಂದರು. ಸಭೆಯಲ್ಲಿದ್ದ ಬಹಳ ಜನ ತಲೆಯಾಡಿಸಿದರು. ಅವರ ಮಾತು ಅರ್ಧ ಸರಿ. ಉಳಿದ ಅರ್ಧ ಪ್ರಾಣಕ್ಕೆ ಎರವಾಗುವಂತಹುದು. ಅಂದು ಸಮಯ ಸಾಲದೆ ಅವರಿಗೆ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ಲಾಂದ್ರಕ್ಕೆ ಗೊತ್ತಿರುವುದು, ಗೊತ್ತಿಲ್ಲದಿರುವುದು

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇಕಡ ೨೧ ಭಾಗ ಆಮ್ಲಜನಕವಿದೆ. ಇದು ಶೇಕಡ ೧೬ರ ಆಸುಪಾಸಿಗೆ ಇಳಿದರೆ ದೀಪದ ಉರಿ ನಿಲ್ಲುವುದಿಲ್ಲ. ಹಳೆಯ ಪಾಳುಬಾವಿಯಲ್ಲಿ ಎಲೆ, ಕಸ, ಸತ್ತ ಪ್ರಾಣಿ ಕೊಳೆತು ಆಮ್ಲಜನಕ ಖರ್ಚಾಗಿ ಕಾರ್ಬನ್ ಡೈಆಕ್ಸೈಡ್ ತಳದಲ್ಲಿ ತುಂಬಿಕೊಂಡಿದ್ದರೆ ಲಾಂದ್ರ ಆರಿಹೋಗುತ್ತದೆ. ಅಲ್ಲಿ ಇಳಿಯಬಾರದೆಂಬುದು ಸರಿಯಾದ ತೀರ್ಮಾನ. ಹಿರಿಯರು ಕಂಡುಕೊಂಡ ಈ ಪರೀಕ್ಷೆ ಎಷ್ಟೋ ಜನರನ್ನು ಉಳಿಸಿದೆ.

ಆದರೆ ಅವರ ಕಾಲದ ಬಾವಿಯಲ್ಲಿ ಕಪಿಲೆ ಇತ್ತು, ಏತವಿತ್ತು, ಎಂಜಿನ್ ಇರಲಿಲ್ಲ. ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿರುತ್ತದೆ. ಯಾವುದೇ ಇಂಧನ ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಇದು ಹುಟ್ಟುತ್ತದೆ. ಗಾಳಿಯಲ್ಲಿ ಇದು ಶೇಕಡ ಅರ್ಧದಷ್ಟಿದ್ದರೂ ಅಲ್ಲಿದ್ದವನು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಆದರೆ ಆ ಗಾಳಿಯಲ್ಲಿ ದೀಪ ಉರಿಯಲು ಬೇಕಾದಷ್ಟು ಆಮ್ಲಜನಕ ಇನ್ನೂ ಇರುವ ಕಾರಣ ಲಾಂದ್ರ ಎಂದಿನಂತೆ ನಿಶ್ಚಿಂತೆಯಿಂದ ಉರಿಯುತ್ತಿರುತ್ತದೆ. ಅಂದರೆ ದೀಪವು ಆಮ್ಲಜನಕ ಸಾಲದೆಂಬುದನ್ನು ತಿಳಿಸಬಲ್ಲುದೇ ಹೊರತು ವಿಷವಿದೆಯೆಂಬುದನ್ನಲ್ಲ. ಆರಿದ ದೀಪವನ್ನು ನಂಬಿ. ಉರಿಯುವ ದೀಪವನ್ನು ನಂಬಬೇಡಿ.

ಕಲ್ಲಿದ್ದಲ ಗಣಿಗಳವರಿಗೆ ಈ ತೊಂದರೆ ನೂರು ವರ್ಷಗಳಿಗೂ ಹಿಂದೆಯೇ ಎದುರಾಗಿತ್ತು. ಅವರ ಬಳಿ ಒಳ್ಳೆಯ ದೀಪಗಳಿದ್ದವು. ಆದರೂ ಗಣಿಯಲ್ಲಿ ಬೆಂಕಿ ಅಥವಾ ಸ್ಫೋಟವಾದ ನಂತರ ಒಳಹೊಕ್ಕವರು, ಕೈಯಲ್ಲಿ ದೀಪ ಉರಿಯುತ್ತಿರುವಾಗಲೇ ಸಾಯುತ್ತಿದ್ದರು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಬ್ರಿಟನ್ನಿನ ಶರೀರಶಾಸ್ತ್ರಜ್ಞರು ೧೮೯೦ರ ದಶಕದಲ್ಲಿ ಇದಕ್ಕೆ ಕಾರ್ಬನ್ ಮಾನಾಕ್ಸೈಡೇ ಕಾರಣವೆಂದು ತೋರಿಸಿ, ಇಲಿ ಅಥವಾ ಸಣ್ಣ ಹಕ್ಕಿಯನ್ನು ಪಂಜರದಲ್ಲಿ ಒಯ್ಯುವಂತೆ ಸಲಹೆ ಮಾಡಿದರು. ಹಕ್ಕಿಯ ಉಸಿರಾಟ ಚುರುಕು. ಮನುಷ್ಯನಿಗಿಂತ ಮೊದಲೇ ಅದು ಕಂಬಿಯಿಂದ ಉರುಳುತ್ತದೆ. ಬ್ರಿಟನ್ನಿನ ಗಣಿಗಳು ಹಕ್ಕಿಗಳನ್ನು ಬಿಟ್ಟು ವಿದ್ಯುನ್ಮಾನ ಮಾಪಕಗಳಿಗೆ ಬದಲಾಗುವ ತೀರ್ಮಾನವಾದದ್ದು ೧೯೮೬ರಲ್ಲಿ. ದೀಪವೇ ಸಾಕಾಗಿದ್ದರೆ ಅಷ್ಟು ವರ್ಷ ಹಕ್ಕಿ ಸಾಕುವ ಗೋಜು ಅವರಿಗೇಕೆ ಬೇಕಾಗಿತ್ತು?

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಎಂಜಿನ್ ಹೊಗೆಯಲ್ಲಿ ನಮ್ಮ ಮೂಗಿಗೆ ಬಡಿಯುವುದು ಉರಿಯದೆ ಉಳಿದ ಎಣ್ಣೆ ಮತ್ತಿತರ ವಸ್ತುಗಳ ವಾಸನೆ. ಆ ವಾಸನೆ ಅಡಗಿದ ಮೇಲೂ ವಿಷ ಉಳಿದಿರಬಹುದು.

ದೇಹದೊಳಗೆ ಆಗುವುದೇನು?

ನಮ್ಮ ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ ಗಾಡಿಯಿದ್ದಂತೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೇರಿಕೊಂಡು ಮೆದುಳು, ಹೃದಯ, ಮಾಂಸಖಂಡಗಳಿಗೆ ಮುಟ್ಟಿಸುವುದು ಅದರ ಕೆಲಸ. ಕಾರ್ಬನ್ ಮಾನಾಕ್ಸೈಡ್ ಈ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಹತ್ತಿ ಕುಳಿತರೆ ಸುಲಭವಾಗಿ ಇಳಿಯುವುದಿಲ್ಲ. ಗಾಡಿಗಳು ಓಡಾಡುತ್ತಲೇ ಇರುತ್ತವೆ, ಆದರೆ ಸರಕು ಮಾತ್ರ ತಲಪುವುದಿಲ್ಲ.

ಮೊದಲು ತಲೆನೋವು, ಹಣೆ ಬಿಗಿದಂತಾಗುವುದು. ಅನಂತರ ತಲೆಸುತ್ತು, ಓಕರಿಕೆ. ಬಿಸಿಲಿನಲ್ಲಿ ಕೆಲಸ ಮಾಡುವವನಿಗೆ ಇವು ಹೊಸದಲ್ಲವಾದ್ದರಿಂದ "ಬಿಸಿಲು ತಾಗಿರಬೇಕು, ಬೆಳಿಗ್ಗೆ ಸರಿಯಾಗಿ ಉಣ್ಣಲಿಲ್ಲ" ಎಂದುಕೊಂಡು ಕೆಲಸ ಮುಂದುವರಿಸುತ್ತಾನೆ. ಬಾವಿಯಲ್ಲಿರುವವನಿಗೆ ಇದಕ್ಕಿಂತಲೂ ಕೆಟ್ಟದ್ದು ಮುಂದಿನ ಹಂತ. ಕಾಲುಗಳಲ್ಲಿ ಬಲ ಉಡುಗುತ್ತದೆ, ಬುದ್ಧಿ ಮಂಕಾಗುತ್ತದೆ. ಇಲ್ಲಿಂದ ಹೋಗಬೇಕೆಂದು ತೋಚುವ ಹೊತ್ತಿಗೆ ಏಣಿ ಹತ್ತುವ ಶಕ್ತಿ ಇರುವುದಿಲ್ಲ. ಎಷ್ಟೋ ಸಲ ಹಾಗೆ ತೋಚುವುದೂ ಇಲ್ಲ. ನಾಲ್ಕು ಮೆಟ್ಟಿಲು ಹತ್ತಿ ಕೈಬಿಟ್ಟು ಬಿದ್ದು, ತಳದ ಒಂದಡಿ ನೀರಿನಲ್ಲಿ ಮುಳುಗಿ ಸತ್ತವರನ್ನು ನೋಡಿದ ಜನ "ಕಾಲು ಜಾರಿತು" ಎನ್ನುತ್ತಾರೆ.

ಹತ್ತು ಲಕ್ಷ ಭಾಗ ಗಾಳಿಯಲ್ಲಿ ೨೦೦ ಭಾಗ ಈ ಅನಿಲವಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು ಬರುತ್ತದೆ. ೮೦೦ ಭಾಗವಿದ್ದರೆ ಮುಕ್ಕಾಲು ಗಂಟೆಯೊಳಗೆ ತಲೆಸುತ್ತು, ವಾಕರಿಕೆ. ಎರಡು ಮೂರು ಗಂಟೆಗಳಲ್ಲಿ ಸಾವು. ೧,೬೦೦ ಭಾಗವಿದ್ದರೆ ೨೦ ನಿಮಿಷಕ್ಕೇ ತಲೆಸುತ್ತು. ಒಂದೆರಡು ಗಂಟೆಯಲ್ಲಿ ಸಾವು. ೩,೨೦೦ ಭಾಗವಾದರೆ ಸಾವಿಗೆ ಅರ್ಧ ಗಂಟೆ ಸಾಕು. ಇವು ಸ್ಥೂಲವಾದ ಅಂಕಿಗಳು. ಸನಿಕೆ ಹಿಡಿದು ಹೂಳೆತ್ತುವವನು ಸುಮ್ಮನೆ ಕುಳಿತವನಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುವುದರಿಂದ ಅವನ ರಕ್ತಕ್ಕೆ ವಿಷ ಇನ್ನೂ ಬೇಗ ಸೇರುತ್ತದೆ.

ನಿಮ್ಮ ಬಾವಿಯದೇ ಒಂದು ಲೆಕ್ಕ

ಹತ್ತು ಅಡಿ ಅಗಲದ ದುಂಡು ಬಾವಿಯೊಂದನ್ನು ತೆಗೆದುಕೊಳ್ಳೋಣ. ಬಾಯಿಯಿಂದ ನೀರಿನ ಮಟ್ಟಕ್ಕೆ ೩೩ ಅಡಿ, ಅಂದರೆ ೧೦ ಮೀಟರ್. ಇದರೊಳಗಿನ ಗಾಳಿ ಸುಮಾರು ೭೦ ಘನ ಮೀಟರ್, ಅಥವಾ ೭೦,೦೦೦ ಲೀಟರ್. ಇದರಲ್ಲಿ ೧೦೦ ಸಿ.ಸಿ.ಯ ಸಣ್ಣ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ೩,೦೦೦ ಸುತ್ತಿನಂತೆ ತಿರುಗುತ್ತಿದೆಯೆನ್ನಿ. ಎರಡು ಸುತ್ತಿಗೊಮ್ಮೆ ಅದು ಗಾಳಿ ಎಳೆಯುತ್ತದೆ. ಹೆಚ್ಚುಕಡಿಮೆ ಕಳೆದು ನಿಮಿಷಕ್ಕೆ ೧೨೦ ಲೀಟರಿನಷ್ಟು ಹೊಗೆ ಹೊರಬೀಳುತ್ತದೆಂದು ಹಿಡಿಯಬಹುದು. ಇಂತಹ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ ೪ರಷ್ಟಿರುವುದು ಸಾಮಾನ್ಯ. ಅಂದರೆ ನಿಮಿಷಕ್ಕೆ ಸುಮಾರು ೫ ಲೀಟರ್, ಅರ್ಧ ಗಂಟೆಗೆ ೧೫೦ ಲೀಟರ್. ಬಾವಿಯ ಗಾಳಿ ಬದಲಾಗದೆ ನಿಂತಿದ್ದರೆ ಇದು ಹತ್ತು ಲಕ್ಷಕ್ಕೆ ೨,೦೦೦ ಭಾಗಕ್ಕೂ ಮೇಲಾಯಿತು. ಒಂದು ಗಂಟೆಗೆ ಇದರ ಇಮ್ಮಡಿ.

ಬಿಸಿ ಹೊಗೆ ಮೇಲಕ್ಕೇರಿ ಸ್ವಲ್ಪ ಭಾಗ ಹೊರಗೆ ಹೋಗುತ್ತದೆಂಬುದು ನಿಜ. ಅಗಲವಾದ, ಆಳ ಕಡಿಮೆಯಿರುವ ಬಾವಿಯಲ್ಲಿ ಅಂಕಿ ಇಳಿಯುತ್ತದೆ. ಸಿಮೆಂಟ್ ರಿಂಗ್ ಇಳಿಸಿದ ಕಿರಿದಾದ ಬಾವಿಯಲ್ಲಿ ಇಷ್ಟೇ ಹೊಗೆಗೆ ಅಂಕಿ ಹಲವು ಪಟ್ಟು ಏರುತ್ತದೆ. ನಿಮ್ಮ ಬಾವಿಯ ಅಗಲ, ಆಳ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಡೀಸೆಲ್ ಎಂಜಿನ್ ಇಟ್ಟವರು "ನಮ್ಮದು ಪೆಟ್ರೋಲ್ ಅಲ್ಲ" ಎಂದು ಸಮಾಧಾನ ಪಡಬಾರದು. ಸರಿಯಾಗಿ ಟ್ಯೂನ್ ಮಾಡಿದ ಡೀಸೆಲ್ ಎಂಜಿನ್ನಿನಲ್ಲಿ ಈ ವಿಷ ಬಹಳ ಕಡಿಮೆಯೆಂಬುದು ಹೌದು. ಆದರೆ ಬಾವಿಯಲ್ಲಿ ಅದು ತನ್ನ ಹೊಗೆಯನ್ನು ತಾನೇ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಇಳಿದಂತೆ ಉರಿ ಕೆಡುತ್ತದೆ, ಹೊಗೆ ಕಪ್ಪಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಕೊನೆಗೆ ಎಂಜಿನ್ ಮುಕ್ಕರಿಸಿ ನಿಂತುಹೋಗುತ್ತದೆ.

ಇಲ್ಲೇ ಬಹಳ ಜನ ಮೋಸಹೋಗುವುದು. ಎಂಜಿನ್ ತಾನಾಗಿ ನಿಂತಿತೆಂದರೆ ಎಣ್ಣೆ ಮುಗಿಯಿತೇನೋ, ಕಸ ಕಟ್ಟಿತೇನೋ ಎಂದು ಕೂಡಲೇ ಇಳಿಯುತ್ತಾರೆ. ಎಂಜಿನ್ನಿಗೇ ಉಸಿರು ಕಟ್ಟಿದ ಜಾಗ ಅದು. ಬಾವಿಯೊಳಗೆ ತಾನಾಗಿ ನಿಂತ ಎಂಜಿನ್ನನ್ನು ಆರಿದ ಲಾಂದ್ರದಂತೆಯೇ ಎಣಿಸಬೇಕು.

ಬಾವಿ ಬಾಯ್ತೆರೆದಿದೆಯಲ್ಲ ಎನ್ನುವವರಿಗೆ

"ಮನೆಯಾದರೆ ಬಾಗಿಲು ಹಾಕಿರುತ್ತದೆ. ಬಾವಿಯಿಂದ ತಲೆಯೆತ್ತಿದರೆ ಆಕಾಶ ಕಾಣುತ್ತದೆ. ಹೊಗೆ ನಿಲ್ಲುವುದೆಲ್ಲಿ?" ಎಂದು ಕೇಳುವವರಿದ್ದಾರೆ. ಬೇಸಿಗೆಯ ಮಧ್ಯಾಹ್ನ ಹೊರಗಿನ ಗಾಳಿ ಕಾದಿರುತ್ತದೆ, ಬಾವಿಯೊಳಗಿನದು ತಣ್ಣಗಿರುತ್ತದೆ. ತಣ್ಣನೆಯ ಗಾಳಿ ಭಾರ. ಗಡಿಗೆಯಲ್ಲಿ ನೀರು ನಿಂತಂತೆ ಅದು ಬಾವಿಯಲ್ಲೇ ನಿಲ್ಲುತ್ತದೆ. ಮೇಲಿನ ಬಿಸಿಗಾಳಿ ಬಾಯಿಯ ಮೇಲೆ ಸುಳಿದು ಹೋಗುವುದೇ ವಿನಾ ಕೆಳಗಿಳಿಯುವುದಿಲ್ಲ. ಕಾರ್ಬನ್ ಮಾನಾಕ್ಸೈಡಿನ ತೂಕ ಗಾಳಿಯದಕ್ಕೆ ಸರಿಸುಮಾರು ಸಮ. ತಾನಾಗಿ ಮೇಲೇರಿ ಹೊರಟುಹೋಗುವಂತಹುದಲ್ಲ. ಬೆರೆತ ಗಾಳಿ ಎಲ್ಲಿ ನಿಂತಿದೆಯೋ ಅಲ್ಲೇ ಇರುತ್ತದೆ. ನೀರು ಇಳಿದು ಎಂಜಿನ್ ಕೆಳಗಿಳಿಯುವ ಕಾಲವೂ ಬಾವಿಯ ಗಾಳಿ ಅಲುಗದೆ ನಿಲ್ಲುವ ಕಾಲವೂ ಒಂದೇ ಆಗಿರುವುದು ನಮ್ಮ ದುರದೃಷ್ಟ.

ಬಯಲಿನಲ್ಲಿಯೂ ಈ ಅನಿಲ ಹೇಗೆ ಮೂಲೆ ಹುಡುಕಿ ನಿಲ್ಲುತ್ತದೆ ಎಂಬುದಕ್ಕೆ ದೋಣಿಗಳ ಉದಾಹರಣೆಯೊಂದಿದೆ. ಅಮೆರಿಕದ ಕೊಲರಾಡೊ ನದಿಯ ಪೊವೆಲ್ ಜಲಾಶಯದಲ್ಲಿ ಜನ ವಿಹಾರಕ್ಕೆ ಮನೆದೋಣಿಗಳನ್ನು ಬಳಸುತ್ತಾರೆ. ದೋಣಿಯಲ್ಲಿ ವಿದ್ಯುತ್ತಿಗಾಗಿ ಪೆಟ್ರೋಲ್ ಜನರೇಟರ್ ಇರುತ್ತದೆ. ಹಲವು ದೋಣಿಗಳಲ್ಲಿ ಅದರ ಹೊಗೆಯನ್ನು ಹಿಂಬದಿಯ ಜಗಲಿಯ ಕೆಳಗೆ, ನೀರಿನ ಮೇಲಿನ ಸಂದಿಗೆ ಬಿಡುತ್ತಿದ್ದರು. ೨೦೦೦ನೇ ಇಸವಿಯ ಆಗಸ್ಟ್‌ನಲ್ಲಿ ಈಜುತ್ತ ಆ ಸಂದಿಗೆ ಹೋದ ಇಬ್ಬರು ಹುಡುಗರು, ಅಣ್ಣತಮ್ಮಂದಿರು, ಸತ್ತರು. ಅನಂತರ ಅಲ್ಲಿನ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯವರು ಅಳೆದು ನೋಡಿದಾಗ ಅಂತಹ ಸಂದಿಗಳಲ್ಲಿ ಹತ್ತು ಲಕ್ಷಕ್ಕೆ ೩೦,೦೦೦ ಭಾಗದವರೆಗೂ ಈ ಅನಿಲ ಸಿಕ್ಕಿತು. ಸುತ್ತ ಮೈಲುಗಟ್ಟಲೆ ನೀರು, ಮೇಲೆ ತೆರೆದ ಆಕಾಶ. ಆದರೂ ಒಂದು ಹಲಗೆಯ ಕೆಳಗಿನ ಸಂದು ಸಾವಿಗೆ ಸಾಕಾಯಿತು. ಹೊಗೆಕೊಳವೆಯನ್ನು ದೋಣಿಯ ಛಾವಣಿಗಿಂತ ಮೇಲಕ್ಕೆ ಒಯ್ಯಬೇಕೆಂದು ಅವರು ಸಲಹೆಮಾಡಿದರು.

ನಮ್ಮ ಕರಾವಳಿಯ ಓದುಗರಲ್ಲಿ ಬೇಸಾಯದ ಜೊತೆಗೆ ಮೀನುಗಾರಿಕೆಯನ್ನೂ ನಡೆಸುವ ಮನೆಗಳಿವೆ. ಮಲ್ಪೆ, ಮಂಗಳೂರು, ಕಾರವಾರದಿಂದ ಹಲವು ದಿನಗಳ ಮೀನುಗಾರಿಕೆಗೆ ಹೋಗುವ ಬೋಟುಗಳಲ್ಲಿ ಎಂಜಿನ್ ಇರುವಲ್ಲಿಂದ ಮಲಗುವ ಜಾಗ ದೂರವಿರುವುದಿಲ್ಲ. ಹೊಗೆಕೊಳವೆಯ ಜೋಡಣೆಗಳಲ್ಲಿ ಮಸಿ ಕಾಣಿಸಿಕೊಂಡರೆ ಅಲ್ಲಿ ಸೋರಿಕೆಯಿದೆಯೆಂದು ತಿಳಿದು ಕಡಲಿಗೆ ಹೋಗುವ ಮುನ್ನವೇ ಸರಿಪಡಿಸಬೇಕು. ಎಂಜಿನ್ ಕೋಣೆಗೂ ಮಲಗುವ ಕ್ಯಾಬಿನ್ನಿಗೂ ನಡುವಿನ ಹಲಗೆಯಲ್ಲಿ, ಪೈಪು ತಂತಿ ಹಾಯುವ ತೂತುಗಳನ್ನು ಮುಚ್ಚಬೇಕು. ಗಾಳಿ ಹಿಂದಿನಿಂದ ಬೀಸುತ್ತಿರುವಾಗ, ಅಥವಾ ಬೋಟು ನಿಂತು ಎಂಜಿನ್ ಮಾತ್ರ ನಡೆಯುತ್ತಿರುವಾಗ ಹೊಗೆ ಕ್ಯಾಬಿನ್ನಿಗೆ ನುಗ್ಗುತ್ತದೆ. ಮಳೆ ಬಂತೆಂದು ಎಲ್ಲ ಕಿಟಕಿ ಮುಚ್ಚಿ ಮಲಗಬಾರದು. ಬೋಟಿನಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ ಬಂದರೆ ಅದನ್ನು ಕಡಲ ಕಾಯಿಲೆಯೆಂದು ತಳ್ಳಿಹಾಕದೆ ಮೊದಲು ಎಲ್ಲರನ್ನೂ ಮೇಲಿನ ಗಾಳಿಗೆ ಕರೆಯಿರಿ.

ಇದ್ದಿಲಿನ ಮಾತೂ ಇಲ್ಲಿಯೇ ಬಂದುಹೋಗಲಿ. ಚಳಿಗಾಲದಲ್ಲಿ ಚಾಕಿ ಹುಳುಗಳಿಗೆ ಶಾಖ ಕೊಡಲು ಸಾಕಣೆ ಮನೆಯಲ್ಲಿ ಇದ್ದಿಲ ಒಲೆ ಇಡುವ ಪದ್ಧತಿ ನಮ್ಮ ರೇಷ್ಮೆ ಸೀಮೆಯಲ್ಲಿದೆ. ಇದ್ದಿಲಿನಲ್ಲಿ ಹೊಗೆ ಕಾಣದೆಂದೇ ಜನ ಅದನ್ನು ಒಳ್ಳೆಯದೆನ್ನುತ್ತಾರೆ. ಕಣ್ಣುರಿಸದ ಆ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಬರುತ್ತದೆ. ಹುಳು ಮನೆಯಲ್ಲಿ ಇದ್ದಿಲೊಲೆ ಇರುವ ರಾತ್ರಿ ಅಲ್ಲಿ ಯಾರೂ ಮಲಗಬಾರದು. ಬಾಣಂತಿ, ಬಸುರಿ, ಮಕ್ಕಳಂತೂ ಸರ್ವಥಾ ಕೂಡದು.

ಎಂಜಿನ್ ಕೆಳಗಿಳಿಯುವುದು ಏಕೆ?

ಅಪಾಯದ ಬೇರು ಇರುವುದು ಪಂಪಿನ ಗುಣದಲ್ಲಿ. ನಾವು ಬಳಸುವ ಸಾಮಾನ್ಯ ಪಂಪು ನೀರನ್ನು "ಹೀರುತ್ತದೆ" ಎನ್ನುತ್ತೇವೆ. ನಿಜವಾಗಿ ಅದು ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ಇಳಿಸುತ್ತದೆ ಅಷ್ಟೆ. ನೀರನ್ನು ಮೇಲೆ ತಳ್ಳುವುದು ಹೊರಗಿನ ವಾತಾವರಣದ ಒತ್ತಡ. ಆ ಒತ್ತಡಕ್ಕೆ ಸಮುದ್ರಮಟ್ಟದಲ್ಲಿ ೧೦.೩ ಮೀಟರ್ ನೀರನ್ನು ಎತ್ತುವ ಶಕ್ತಿ ಮಾತ್ರ ಇದೆ. ಬೆಂಗಳೂರು, ಕೋಲಾರದ ಎತ್ತರದಲ್ಲಿ ಅದು ೯ ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಫುಟ್‌ವಾಲ್ವ್, ಬೆಂಡು, ಪೈಪಿನ ಘರ್ಷಣೆ ಇವೆಲ್ಲ ಕಳೆದು ಮೈದಾನ ಸೀಮೆಯ ರೈತನಿಗೆ ದಕ್ಕುವುದು ೬ ಮೀಟರ್, ಎಂದರೆ ೨೦ ಅಡಿಯ ಆಸುಪಾಸು. ನೀರು ಅದಕ್ಕಿಂತ ಕೆಳಗಿಳಿದರೆ ಎಷ್ಟು ಅಶ್ವಶಕ್ತಿಯ ಎಂಜಿನ್ ತಂದರೂ ಮೇಲಿನಿಂದ ಎತ್ತಲಾಗದು. ದೊಡ್ಡ ಎಂಜಿನ್ನಿಗೆ ದುಡ್ಡು ಸುರಿದು ನಿರಾಶರಾದವರನ್ನು ನಾನು ನೋಡಿದ್ದೇನೆ.

ಆದರೆ ಮೇಲಕ್ಕೆ ತಳ್ಳುವುದಕ್ಕೆ ಈ ಮಿತಿಯಿಲ್ಲ. ಪಂಪು ನೀರಿನ ಹತ್ತಿರವಿದ್ದರೆ ಸಾಕು, ಎಂಜಿನ್ ಹತ್ತಿರವಿರಬೇಕಾಗಿಲ್ಲ. ನೀರಿನಲ್ಲಿ ಮುಳುಗಿಸುವ ವಿದ್ಯುತ್ ಪಂಪು ಇದಕ್ಕೆ ನೇರವಾದ ಪರಿಹಾರ. ತೆರೆದ ಬಾವಿಗೆಂದೇ ಮಾಡಿದ ಅಡ್ಡ ಮಲಗುವ ಸಬ್‌ಮರ್ಸಿಬಲ್ ಪಂಪುಗಳು ಸಿಗುತ್ತವೆ. ಹೊಗೆಯ ಮಾತೇ ಇಲ್ಲ. ಹೊಲಕ್ಕೆ ವಿದ್ಯುತ್ತಿಲ್ಲದವರು ಸೌರ ಪಂಪಿನ ಬಗ್ಗೆ ಕೃಷಿ ಇಲಾಖೆಯಲ್ಲಿ ವಿಚಾರಿಸಬಹುದು. ಹೂಳು ತೆಗೆಯುವ ನಾಲ್ಕು ದಿನಕ್ಕೆ ಮಾತ್ರ ಬೇಕಾದರೆ ಜನರೇಟರನ್ನು ಬಾಡಿಗೆಗೆ ತಂದು ಬಾವಿಯಿಂದ ದೂರದಲ್ಲಿ, ಗಾಳಿ ಬಾವಿಯ ಕಡೆಯಿಂದ ಅದರ ಕಡೆಗೆ ಬೀಸುವಂತಹ ಜಾಗದಲ್ಲಿ ನಿಲ್ಲಿಸಿ, ಕೇಬಲ್ ಮೂಲಕ ಕೆಸರು ನೀರೆತ್ತುವ ಸಬ್‌ಮರ್ಸಿಬಲ್ ಪಂಪನ್ನು ಇಳಿಸಬಹುದು. ಕೇಬಲ್ಲಿನ ನಡುವೆ ಸುತ್ತಿದ ಜೋಡಣೆ ಇರಕೂಡದು, ಸೋರಿಕೆ ವಿದ್ಯುತ್ತನ್ನು ಕಡಿಯುವ ಸ್ವಿಚ್ ಇರಬೇಕು, ಮತ್ತು ತಳದಲ್ಲಿ ಜನರಿರುವಾಗ ಪಂಪು ನಡೆಸಬಾರದು. ವಿಷಗಾಳಿಯಿಂದ ತಪ್ಪಿಸಿಕೊಂಡು ಕರೆಂಟಿಗೆ ಸಿಕ್ಕುವುದು ಬೇಡ.

ಕೆಲವರು ಎಂಜಿನ್ನನ್ನು ಕೆಳಗೇ ಇಟ್ಟು ಸೈಲೆನ್ಸರಿಗೆ ಉದ್ದ ಪೈಪು ಸೇರಿಸಿ ಹೊಗೆಯನ್ನು ಮೇಲೆ ಬಿಡುತ್ತಾರೆ. ಬರೀ ಇಳಿಸುವುದಕ್ಕಿಂತ ಇದು ವಾಸಿ. ಆದರೆ ರಬ್ಬರ್, ಪ್ಲಾಸ್ಟಿಕ್ ಪೈಪು ಬಿಸಿಗೆ ಕರಗುತ್ತದೆ. ಕಬ್ಬಿಣದ ಪೈಪು ಅದುರಿ ಅದುರಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಪೈಪು ಉದ್ದವಾದಷ್ಟೂ ಎಂಜಿನ್ನಿಗೆ ಹೊಗೆ ತಳ್ಳುವುದು ಕಷ್ಟ. ಪೈಪಿದೆಯೆಂಬ ಧೈರ್ಯದಲ್ಲಿ ಜನರನ್ನು ಕೆಳಗೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ.

ಈಗಾಗಲೇ ಎಂಜಿನ್ ಇಳಿಸಿಬಿಟ್ಟಿದ್ದರೆ

ಈ ವರ್ಷದ ಬೆಳೆ ನಿಂತಿದೆ, ಬೇರೆ ಪಂಪಿಗೆ ಈಗ ಹಣವಿಲ್ಲ ಎನ್ನುವವರ ಕಷ್ಟ ನನಗೆ ತಿಳಿಯದ್ದಲ್ಲ. ಹಾಗಿದ್ದವರು ಒಂದು ಕಟ್ಟುಪಾಡನ್ನಾದರೂ ಮಾಡಿಕೊಳ್ಳಿ. ಎಂಜಿನ್ ನಡೆಯುವಾಗ ಬಾವಿಯಲ್ಲಿ ಮನುಷ್ಯ ಇರಬಾರದು. ಮನುಷ್ಯ ಇರುವಾಗ ಎಂಜಿನ್ ನಡೆಯಬಾರದು. ಚಾಲೂ ಮಾಡಿದವನು ತಡಮಾಡದೆ ಮೇಲೆ ಬರಬೇಕು. ನಿಲ್ಲಿಸುವುದು ಮೇಲಿನಿಂದಲೇ ಆಗುವಂತೆ ಮೊದಲೇ ವ್ಯವಸ್ಥೆಯಾಗಬೇಕು: ಪೆಟ್ರೋಲ್ ಎಂಜಿನ್ನಿನ ಸ್ವಿಚ್ಚಿನ ತಂತಿಯನ್ನು ಮೆಕ್ಯಾನಿಕ್ಕಿನ ಕೈಯಲ್ಲಿ ಉದ್ದಮಾಡಿಸಿ ಮೇಲಕ್ಕೆ ತರಬಹುದು, ಡೀಸೆಲ್ ಎಂಜಿನ್ನಿನ ನಿಲ್ಲಿಸುವ ಸನ್ನೆಗೆ ಗಟ್ಟಿ ಹುರಿ ಕಟ್ಟಿ ಎಳೆಯಬಹುದು. ಟ್ಯಾಂಕಿಗೆ ಅಳೆದು ಎಣ್ಣೆ ಹಾಕಿದರೆ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ.

ನಿಂತ ಮೇಲೆ ಎಷ್ಟು ಹೊತ್ತು ಕಾಯಬೇಕೆಂದು ಎಲ್ಲರೂ ಕೇಳುತ್ತಾರೆ. ಸುಮ್ಮನೆ ಕಾಯುವುದಕ್ಕೆ ಅಳತೆಯಿಲ್ಲ. ಬೇಸಿಗೆಯಲ್ಲಿ ತಣ್ಣನೆಯ ಗಾಳಿ ಇಡೀ ದಿನ ಅಲ್ಲೇ ನಿಂತಿರಬಹುದೆಂದು ಮೇಲೆ ಹೇಳಿದೆ. ಗಾಳಿಯನ್ನು ನಾವೇ ಬದಲಿಸಬೇಕು. ಸೊಪ್ಪಿನ ಕೊಂಬೆಯನ್ನೋ ಬಿಡಿಸಿದ ಛತ್ರಿಯನ್ನೋ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸುವುದು, ಕೊಡಗಟ್ಟಲೆ ನೀರು ಚೆಲ್ಲುವುದು ನಮ್ಮಲ್ಲಿ ರೂಢಿ. ಇವುಗಳಿಂದ ಗಾಳಿ ಕದಡುತ್ತದೆ, ನಿಜ. ಆದರೆ ಹೊರಗೆ ಹೋಯಿತೆಂಬ ಖಾತ್ರಿಯಿಲ್ಲ. ವಿದ್ಯುತ್ ಬ್ಲೋವರ್ ತಂದು, ಅದರ ಬಾಯಿಗೆ ಪೈಪು ಅಥವಾ ದಪ್ಪ ಪ್ಲಾಸ್ಟಿಕ್ಕಿನ ತೋಳು ಕಟ್ಟಿ, ಅದರ ತುದಿಯನ್ನು ತಳದವರೆಗೆ ಇಳಿಸಿ ಹೊಸ ಗಾಳಿ ಊದಬೇಕು. ತುದಿ ಅರ್ಧದಲ್ಲೇ ನಿಂತರೆ ಕೆಳಗಿನ ಗಾಳಿ ಕದಲುವುದಿಲ್ಲ. ನಾವು ಲೆಕ್ಕ ಹಾಕಿದ ೭೦ ಘನ ಮೀಟರಿನ ಬಾವಿಗೆ ನಿಮಿಷಕ್ಕೆ ೧೦ ಘನ ಮೀಟರ್ ಊದುವ ಬ್ಲೋವರ್ ಇಟ್ಟರೆ ಏಳು ನಿಮಿಷಕ್ಕೆ ಬಾವಿಯಷ್ಟು ಗಾಳಿ ಹೋಗುತ್ತದೆ. ಆದರೆ ಹೊಸದು ಹಳೆಯದರೊಡನೆ ಬೆರೆಯುವುದರಿಂದ ಒಂದು ಸಲಕ್ಕೆ ವಿಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಉಳಿಯುತ್ತದೆ. ೨,೦೦೦ ಭಾಗವನ್ನು ೩೫ಕ್ಕೆ ಇಳಿಸಲು ನಾಲ್ಕು ಸಲ, ಎಂದರೆ ಅರ್ಧ ಗಂಟೆ ಬೇಕು. ಇಳಿದವರು ಮೇಲೆ ಬರುವವರೆಗೂ ಬ್ಲೋವರ್ ನಿಲ್ಲಬಾರದು. ಬಂಡೆ ಕೊರೆಯುವ ಟ್ರ್ಯಾಕ್ಟರ್ ಕಂಪ್ರೆಸರಿನ ಗಾಳಿಕೊಳವೆಯನ್ನೂ ತಳಕ್ಕೆ ಬಿಡಬಹುದು; ಟ್ರ್ಯಾಕ್ಟರಿನ ಹೊಗೆಯನ್ನೇ ಕಂಪ್ರೆಸರ್ ಎಳೆದು ಬಾವಿಗೆ ತುಂಬದಂತೆ ನಿಲ್ಲಿಸಿದ ಕಡೆ ನೋಡಿಕೊಳ್ಳಿ. ಬೆಳೆಗೆ ಔಷಧಿ ಹೊಡೆಯುವ ಪೆಟ್ರೋಲ್ ಪವರ್ ಸ್ಪ್ರೇಯರ್‌ನಿಂದ ಗಾಳಿ ಊದುವುದು ಬೇಡ. ಅದೇ ಒಂದು ಹೊಗೆಯ ಎಂಜಿನ್.

ಈ ವಿಷ ಇದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲುದು ಮಾಪಕ ಮಾತ್ರ. ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಹೊತ್ತಿಕೊಳ್ಳುವ ಅನಿಲ ಈ ನಾಲ್ಕನ್ನೂ ತೋರಿಸುವ, ಅಂಗೈಯಲ್ಲಿ ಹಿಡಿಸುವ ಮಾಪಕಗಳು ಈಗ ಇವೆ. ಹಗ್ಗ ಕಟ್ಟಿ ಬಾಯಿ, ನಡು, ತಳ ಮೂರು ಕಡೆ ಇಳಿಸಿ ನೋಡಬೇಕು. ಒಬ್ಬ ರೈತ ಕೊಳ್ಳಬೇಕೆಂದಲ್ಲ. ಹೂಳು ತೆಗೆಯುವ ತಂಡ, ಸಹಕಾರ ಸಂಘ ಅಥವಾ ಗ್ರಾಮ ಪಂಚಾಯಿತಿ ಒಂದನ್ನು ಇಟ್ಟುಕೊಂಡು ಕಾಲಕಾಲಕ್ಕೆ ಸರಿನೋಡಿಸುತ್ತಿದ್ದರೆ ಊರಿಗೆಲ್ಲ ಸಾಕು. ಕೊಳೆತ ಹೂಳು ಕೆದಕಿದಾಗ ಏಳುವ ಹೈಡ್ರೋಜನ್ ಸಲ್ಫೈಡ್ ಕೂಡ ಲಾಂದ್ರಕ್ಕೆ ಗೊತ್ತಾಗುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುವುದರಿಂದ, ವಾಸನೆ ಹೋಯಿತೆಂದರೆ ಅನಿಲ ಹೋಯಿತೆಂದಲ್ಲ.

ಇಳಿಯುವವನ ಎದೆ ಮತ್ತು ತೊಡೆಗೆ ಪಟ್ಟಿ ಬಿಗಿದು, ಹಗ್ಗವನ್ನು ರಾಟೆಗೆ ಹಾಯಿಸಿ, ಮೇಲೆ ಇಬ್ಬರು ಕೈಬಿಡದೆ ಹಿಡಿದಿರಬೇಕು. ಸೊಂಟಕ್ಕೆ ಮಾತ್ರ ಹಗ್ಗ ಸುತ್ತಿದರೆ ಪ್ರಜ್ಞೆ ತಪ್ಪಿದವನು ತಲೆಕೆಳಗಾಗಿ ಜಾರುತ್ತಾನೆ. ಪ್ರತಿ ಎರಡು ನಿಮಿಷಕ್ಕೆ ಕೂಗಿ ಮಾತಾಡಿಸಿ. ಉತ್ತರ ತಡವಾದರೆ, ತೊದಲಿದರೆ ಕಾರಣ ಕೇಳುತ್ತ ನಿಲ್ಲದೆ ಎಳೆದುಬಿಡಿ.

ಒಬ್ಬನು ಬಿದ್ದಾಗ

ಕಷ್ಟದ ಮಾತು ಇದು. ತಂದೆ ಬಾವಿಯ ತಳದಲ್ಲಿ ಬಿದ್ದಿರುವುದನ್ನು ಕಂಡ ಮಗನಿಗೆ "ಇಳಿಯಬೇಡ" ಎಂದು ಹೇಳುವುದು ಸುಲಭವಲ್ಲ. ಆದರೆ ಮುಚ್ಚಿದ ಜಾಗಗಳ ಸಾವುಗಳನ್ನು ಪರಿಶೀಲಿಸಿ ಮೇಲೆ ಹೇಳಿದ ಅಮೆರಿಕದ ಸಂಸ್ಥೆಯೇ ೧೯೮೬ರಲ್ಲಿ ತಿಳಿಸಿದಂತೆ, ಸತ್ತವರಲ್ಲಿ ಶೇಕಡ ೬೦ಕ್ಕೂ ಹೆಚ್ಚು ಮಂದಿ ಮತ್ತೊಬ್ಬರನ್ನು ಉಳಿಸಲು ಹೋದವರು. ಮೊದಲನೆಯವನನ್ನು ಕೆಡವಿದ ಗಾಳಿ ಎರಡನೆಯವನ ಬರವಿಗೆ ಕಾಯುತ್ತ ಅಲ್ಲೇ ಇರುತ್ತದೆ. ಓಡಿಬಂದು, ಗಾಬರಿಯಲ್ಲಿ ಏದುಸಿರು ಬಿಡುತ್ತ ಇಳಿಯುವವನು ಮೊದಲನೆಯವನಿಗಿಂತ ಬೇಗ ಬೀಳುತ್ತಾನೆ.

ಅವ್ವ, ಅಕ್ಕ, ಹೆಂಡತಿ ಯಾರೇ ಕೂಗಿಕೊಂಡರೂ ಒಬ್ಬರು ಗಟ್ಟಿಯಾಗಿ ನಿಂತು ಇಳಿಯುವವರನ್ನು ತಡೆಯಬೇಕು. ಹಗ್ಗವಿದ್ದರೆ ಮೇಲಿನಿಂದ ಎಳೆಯಿರಿ. ಎಂಜಿನ್ ನಡೆಯುತ್ತಿದ್ದರೆ ಮೇಲಿನಿಂದ ನಿಲ್ಲಿಸಿ. ಬ್ಲೋವರ್, ಕಂಪ್ರೆಸರ್ ಯಾವುದು ಕೈಗೆ ಸಿಗುವುದೋ ಅದರಿಂದ ತಳಕ್ಕೆ ಗಾಳಿ ಬಿಡಿ. ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರನ್ನು ಬಾವಿಗೆ ಬಿಡಬಾರದು. ಎಣ್ಣೆ ಬಿದ್ದ ಜಾಗದಲ್ಲಿ ಅದು ಬೆಂಕಿಗೆ ದಾರಿ. ೧೧೨ಕ್ಕೆ ಅಥವಾ ೧೦೧ಕ್ಕೆ ಫೋನ್ ಮಾಡಿ ಬಾವಿಯಲ್ಲಿ ವಿಷಗಾಳಿಯಿದೆಯೆಂದು ಸ್ಪಷ್ಟವಾಗಿ ಹೇಳಿದರೆ ಅಗ್ನಿಶಾಮಕ ದಳದವರು ಗಾಳಿ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಲಕರಣೆ ತರುತ್ತಾರೆ. ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡರೆ, ಔಷಧಿ ಹೊಡೆಯುವ ಮಾಸ್ಕ್ ಹಾಕಿಕೊಂಡರೆ ಈ ಅನಿಲ ತಡೆಯುವುದಿಲ್ಲ.

ಮೇಲೆ ತಂದವನನ್ನು ಬಯಲು ಗಾಳಿಯಲ್ಲಿ ಮಲಗಿಸಿ ಬಟ್ಟೆ ಸಡಿಲಿಸಿ. ಉಸಿರಿದ್ದು ಪ್ರಜ್ಞೆಯಿಲ್ಲದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ನೀರು, ಮಜ್ಜಿಗೆ ಏನನ್ನೂ ಬಾಯಿಗೆ ಹಾಕಬೇಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡು ಅಂಗೈ ಇಟ್ಟು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತುತ್ತಿರಿ. ೧೦೮ಕ್ಕೆ ಫೋನ್ ಮಾಡಿ, ಆಮ್ಲಜನಕ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಬರೀ ಗಾಳಿಯಲ್ಲಿ ರಕ್ತದಿಂದ ಅರ್ಧ ವಿಷ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ; ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ.

ವೈದ್ಯರಿಗೆ "ಬಾವಿಗೆ ಬಿದ್ದ" ಎಂದಷ್ಟೇ ಹೇಳದೆ, ಎಂಜಿನ್ ಹೊಗೆಯಲ್ಲಿದ್ದ, ಇಷ್ಟು ಹೊತ್ತು ಇದ್ದ ಎಂದು ಹೇಳಿ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಹಳ ಮನೆಗಳಿಗೆ ಬಂತು. ಅದನ್ನು ಹಚ್ಚಿ ನೋಡಿ "೯೮ ಇದೆ, ಭಯವಿಲ್ಲ" ಎನ್ನುವವರಿದ್ದಾರೆ. ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತಕ್ಕೂ ಆಮ್ಲಜನಕ ಹೊತ್ತ ರಕ್ತಕ್ಕೂ ಆ ಉಪಕರಣಕ್ಕೆ ಭೇದ ತಿಳಿಯದು. ಬಾವಿಯಲ್ಲಿ ಲಾಂದ್ರ ಹೇಗೋ ಇಲ್ಲಿ ಅದು ಹಾಗೆ. ವಿಷದ ಪ್ರಮಾಣ ತಿಳಿಯಬೇಕಾದರೆ ಆಸ್ಪತ್ರೆಯಲ್ಲಿ ರಕ್ತವನ್ನೇ ಪರೀಕ್ಷಿಸಬೇಕು.

ಎದ್ದು ಕುಳಿತು ಮಾತಾಡಿದವನನ್ನೂ ಅದೇ ದಿನ ವೈದ್ಯರಿಗೆ ತೋರಿಸಿ. ಗುಣವಾಗಿ ಮನೆಗೆ ಬಂದ ಕೆಲವರಿಗೆ ಹಲವು ದಿನಗಳು, ಒಮ್ಮೊಮ್ಮೆ ವಾರಗಳು ಕಳೆದ ನಂತರ ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಆಗ ಯಾವ ದೇವರ ಕಾಟವೋ ಎಂದು ಅಲೆಯದೆ, ಹಿಂದೆ ಎಂಜಿನ್ ಹೊಗೆ ತಾಗಿತ್ತೆಂಬುದನ್ನು ಮರೆಯದೆ ತಿಳಿಸಿ ಅದೇ ಆಸ್ಪತ್ರೆಗೆ ಮತ್ತೆ ಕರೆದುಕೊಂಡು ಹೋಗಿ.